ನಿಂಬೆಹಣ್ಣಿಗೂ ತೆಂಗಿನಕಾಯಿಗೂ ಒಂದೇ ಮಾತು

ನಾನು ಈ ಊರಿಗೆ ವಿಜ್ಞಾನದ ಟೀಚರಾಗಿ ಬಂದ ದಿನ ಹೆಡ್ ಮೇಡಂ ಅನಸೂಯ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಒಪ್ಪಿಸೋಕೆ ಬರುತ್ತಾ?" ಎಂಬುದು. ಪಾಠ ಒಪ್ಪಿಸುವುದರ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು, "ಚಿಕ್ಕವಳಿದ್ದಾಗ ಮಗ್ಗಿ, ಪದ್ಯ ಎಲ್ಲ ಚೆನ್ನಾಗಿ ಒಪ್ಪಿಸ್ತಿದ್ದೆ ಮೇಡಂ" ಎಂದೆ. ಅವರು ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ನನ್ನ ಎದೆಯ ಎತ್ತರಕ್ಕೆ ಹಿಡಿದು ಗಾಳಿಯಲ್ಲೇ ಬಿಟ್ಟರು. ಪುಸ್ತಕ ಬಿಟ್ಟಲ್ಲೇ ನಿಂತಿತು. "ಸಹಿ ಮಾಡಿ" ಎಂದರು.

ಇಲ್ಲಿ ಕೈಬಿಟ್ಟ ವಸ್ತು ತಾನಾಗಿ ಬೀಳುವುದಿಲ್ಲ. ಎತ್ತ ಹೋಗಬೇಕು, ಎಷ್ಟು ಹೋಗಬೇಕು ಎಂದು ಅದಕ್ಕೆ ಬಾಯಿಬಿಟ್ಟು ಹೇಳಬೇಕು. ಹೇಳಿದ ಹಾಗೆ ಅದು ಹೋಗುತ್ತದೆ. ಹೀಗೆ ಹೇಳುವುದಕ್ಕೆ ಒಪ್ಪಿಸುವುದು ಎನ್ನುತ್ತಾರೆ, ಹೇಳುವ ಮಾತಿಗೆ ಒಪ್ಪಣೆ. ಆ ಪದಕ್ಕಿರುವ ಅರ್ಥಗಳೆಲ್ಲ ಇಲ್ಲಿ ಒಟ್ಟಿಗೇ ಸಂಸಾರ ಮಾಡುತ್ತವೆ: ವಸ್ತುವನ್ನು ನೆಲಕ್ಕೆ ಒಪ್ಪಿಸಬೇಕು, ಅದಕ್ಕಾಗಿ ಪಾಠ ಒಪ್ಪಿಸಬೇಕು, ಪಾಠ ಕೇಳಿ ವಸ್ತು ಒಪ್ಪಬೇಕು. ಕೈಬಿಟ್ಟವರೇ ಹೇಳಬೇಕು, ಬೇರೆಯವರ ಮಾತನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ. ಯಾರದಾದರೂ ಕೈ ತಗುಲಿದರೆ ಹೇಳಿದ್ದೆಲ್ಲ ಅಲ್ಲಿಗೆ ರದ್ದು.

ಊರಿನವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಮನೆಗಳಲ್ಲಿ ಶೆಲ್ಫ್ ಇಲ್ಲ, ಗೋಡೆಗೆ ಮೊಳೆ ಇಲ್ಲ. ಬಚ್ಚಲಿನಲ್ಲಿ ಪ್ರತಿಯೊಬ್ಬರೂ ತಂಬಿಗೆ ನೀರಿಗೆ ಒಪ್ಪಿಸುತ್ತಾ ಸ್ನಾನ ಮಾಡುವುದರಿಂದ ಬೆಳಗ್ಗೆ ಬೀದಿಯುದ್ದಕ್ಕೂ ಭಜನೆ ನಡೆದ ಹಾಗೆ ಕೇಳಿಸುತ್ತದೆ. ಸಿಟ್ಟಿನಲ್ಲಿ ಪಾತ್ರೆ ಎಸೆಯಬೇಕೆಂದರೆ ಹದಿನಾಲ್ಕು ಸಾಲು ಒಪ್ಪಿಸಬೇಕು. ಆರನೆಯ ಸಾಲಿಗೆ ಸಿಟ್ಟು ಇಳಿದಿರುತ್ತದೆ, ಪಾತ್ರೆ ಇಳಿದಿರುವುದಿಲ್ಲ. ಹಾಗಾಗಿ ಗಂಡಹೆಂಡಿರ ಜಗಳ ಸಾಮಾನ್ಯವಾಗಿ ಮಾತಿನಲ್ಲೇ ಮುಗಿಯುತ್ತದೆ. "ಮತ್ತೆ ಮಳೆಗೆ ಯಾರು ಒಪ್ಪಿಸ್ತಾರೆ?" ಎಂದು ಹೆಡ್ ಮೇಡಂ ಅವರನ್ನೇ ಒಮ್ಮೆ ಕೇಳಿದೆ. "ಅದು ಬೇರೆ ಊರಲ್ಲಿ ಕಲಿತು ಬರುತ್ತಲ್ವೇನ್ರೀ" ಎಂದರು, ಇದೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ.

ಒಪ್ಪಣೆ ಪುಸ್ತಕದಲ್ಲಿ ನಲವತ್ತೆರಡು ಒಪ್ಪಣೆಗಳಿವೆ, ಒಂದೊಂದು ವಸ್ತುವಿಗೆ ಒಂದೊಂದು. ನಿಂಬೆಹಣ್ಣಿನದು ಹೀಗೆ: "ನಿಂಬೆಯೇ, ಇಳಿ ಗೇಣು, ಇಳಿ ಗೇಣು, ಇಳಿ ಗೇಣು…" ಎಂದು ನೆಲ ಮುಟ್ಟುವ ತನಕ ಹೇಳುತ್ತಾ ಹೋಗಿ, ಕೊನೆಗೆ "ನಿಂತುಕೋ" ಎನ್ನಬೇಕು. ತೆಂಗಿನಕಾಯಿಯದು "ಇಳಿ ಮೊಳ, ಇಳಿ ಮೊಳ." ಕಬ್ಬಿಣದ ಗುಂಡಿನದು "ಇಳಿ ಮಾರು." ಭಾರದ ವಸ್ತು ಬೇಗ ಇಳಿಯಬೇಕು ಎನ್ನುವುದು ಇಲ್ಲಿ ನಿಯಮಕ್ಕಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ. ಒಟ್ಟಿನಲ್ಲಿ ಎಲ್ಲವೂ ಮಾತಿನ ವೇಗದಲ್ಲಿ ಬೀಳುತ್ತದೆ, ಮಾತು ನಿಂತರೆ ವಸ್ತುವೂ ನಿಲ್ಲುತ್ತದೆ.

ಅದೇ ಕಾತ್ಯಾಯಿನಿಯ ಕಷ್ಟವಾಗಿತ್ತು. ಏಳನೇ ಕ್ಲಾಸಿನ ಆ ಹುಡುಗಿಗೆ ಹನ್ನೆರಡು ವರ್ಷ, ಮಾತು ಉಗ್ಗುತ್ತಿತ್ತು. ಉಗ್ಗುವವಳಿಗೆ ಇಷ್ಟು ಒತ್ತಕ್ಷರದ ಹೆಸರಿಟ್ಟ ತಾತನ ಮೇಲೆ ಅವಳಿಗೆ ಕೋಪ. ಎಲ್ಲರೂ ಕಾತಿ ಎನ್ನುತ್ತಿದ್ದರು. ಅವಳು "ಇ-ಇ-ಇಳಿ" ಎಂದರೆ ವಸ್ತು ಮೂರು ಸಲ ಜಿಗಿಯುತ್ತಿತ್ತು, "ಗೇ" ಎಂದು ತಡೆದರೆ ಅರ್ಧಕ್ಕೆ ನಿಂತು ನಡುಗುತ್ತಿತ್ತು. ಇಲ್ಲಿ ಹತ್ತು, ಹನ್ನೊಂದು, ಹನ್ನೆರಡನೇ ವಯಸ್ಸಿಗೆ ಮೂರು ಸಲ ಒಪ್ಪಣೆ ಪರೀಕ್ಷೆ. ಮೂರರಲ್ಲೂ ಫೇಲಾದರೆ ಮಣಿಕಟ್ಟಿಗೆ ಕೆಂಪು ಕೈದಾರ ಕಟ್ಟುತ್ತಾರೆ. ಕೈದಾರದವರು ಮನೆಯಾಚೆ ಯಾವುದನ್ನೂ ಕೈಬಿಡುವಂತಿಲ್ಲ. ಒಪ್ಪಿಸಲು ಬರುವವರೊಬ್ಬರು ಜನ್ಮವಿಡೀ ಪಕ್ಕದಲ್ಲಿದ್ದು ಅವರ ಕೈಯಿಂದ ತೆಗೆದುಕೊಳ್ಳಬೇಕು. ಮೊದಲ ಪರೀಕ್ಷೆಯಲ್ಲಿ ಕಾತಿಯ ತೆಂಗಿನಕಾಯಿ ಪರೀಕ್ಷಕರ ಪೇಟದ ಮೇಲೆ ಮೂರು ಸಲ ಕೂತು ಎದ್ದಿತ್ತು. ಎರಡನೆಯದರಲ್ಲಿ ಅವಳು ಬಾಯಿಯನ್ನೇ ತೆರೆಯಲಿಲ್ಲ. ನಿಂಬೆಹಣ್ಣು ಸಾಯಂಕಾಲದವರೆಗೆ ಅಂಗಳದಲ್ಲಿ ನಿಂತಿತ್ತಂತೆ. ಇನ್ನೊಂದೇ ಅವಕಾಶ ಉಳಿದಿತ್ತು, ಅದಕ್ಕೆ ಎರಡು ತಿಂಗಳಿತ್ತು.

ಅವಳ ತಾಯಿ ವಿಶಾಲಮ್ಮ ದಿನಾ ಮಗಳ ಜೊತೆ ಶಾಲೆಗೆ ಬಂದು, ಅವಳ ಚೀಲ ಇಳಿಸಿಕೊಟ್ಟು ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. "ಟೀಚರ್, ನಾನಿರೋ ತನಕ ಸರಿ. ನಾನು ಹೋದ್ಮೇಲೆ ಇವಳ ಕೈಯಿಂದ ಒಂದು ಲೋಟ ಇಸ್ಕೊಳ್ಳೋರು ಯಾರು?"

"ಹಿ-ಹಿಡ್ಕೊಂಡೇ ಇರ್ತೀನಿ ಬಿಡಮ್ಮ" ಎಂದಳು ಕಾತಿ. ವಿಶಾಲಮ್ಮ ಅವಳ ತಲೆಗೆ ಮೊಟಕಿದರು, ಆದರೆ ಅವರ ಕಣ್ಣು ನನ್ನ ಮೇಲೇ ಇತ್ತು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಬೀಳುವ ವಸ್ತುವಿನ ಸೂತ್ರ ನಿದ್ದೆಯಲ್ಲೂ ಬರುತ್ತದೆ. ಆದರೆ ನಿಂಬೆಹಣ್ಣೊಂದನ್ನು ಕೈಯಲ್ಲಿ ಹಿಡಿದು, ಇದಕ್ಕೆ ಏನು ಹೇಳಿದರೆ ನಮ್ಮೂರಿನ ನಿಂಬೆಹಣ್ಣಿನ ಹಾಗೆ ಬೀಳುತ್ತದೆ ಎಂದು ಯೋಚಿಸಿದಾಗ ಆ ಸೂತ್ರ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಹಣ್ಣನ್ನು ಕೈಬಿಟ್ಟು ಸೂತ್ರವನ್ನು ಗಟ್ಟಿಯಾಗಿ ಹೇಳಿದೆ. ಅದು ಕದಲಲಿಲ್ಲ. ಸಮಯದ ವರ್ಗ ಎಂದರೆ ಏನೆಂದು ಅದಕ್ಕೇನು ಗೊತ್ತು? ನಾನೂ ಒಪ್ಪಿಸಿಯೇ ಪಾಸಾದವಳು ಎಂದು ಅವತ್ತು ತಿಳಿಯಿತು.

ಮರುದಿನ ಕ್ಲಾಸಿನಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. "ನಿಂಬೆಹಣ್ಣಿನ ಒಪ್ಪಣೆಯಲ್ಲಿ ಒಂದೇ ಮಾತು ಎಷ್ಟು ಸಲ ಬಂದಿದೆ, ಎಣಿಸಿ."

"ಒಂಬತ್ತು ಸಲ ಟೀಚರ್" ಎಂದಳು ಶಾಹಿದಾ, ಕ್ಲಾಸಿಗೆಲ್ಲ ದೊಡ್ಡ ಗಂಟಲಿನ ಹುಡುಗಿ.

"ಒಂಬತ್ತು ಸಲ ಯಾಕೆ ಹೇಳಬೇಕು? ಅದೇ ಕೆಲಸ ಮತ್ತೆ ಮತ್ತೆ ಮಾಡು ಅಂತ ಕೈಬಿಡೋಕೆ ಮುಂಚೆಯೇ ಒಂದು ಸಲ ಹೇಳಿದರೆ?"

"ನಿಂಬೆಹಣ್ಣಿಗೆ ಅಷ್ಟು ತಲೆ ಇರುತ್ತಾ ಟೀಚರ್?"

"ಅದನ್ನೇ ಕೇಳೋಣ."

ಕಾತಿ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಕೈಯಲ್ಲಿ ಹಿಡಿದಾಗಲೇ ಹೇಳಿ ಮುಗಿಸುವುದಾದರೆ ಅರ್ಧ ಗಂಟೆ ಉಗ್ಗಿದರೂ ವಸ್ತುವಿಗೆ ತೊಂದರೆ ಇಲ್ಲ, ಅದು ಮುಷ್ಟಿಯಲ್ಲಿ ತೆಪ್ಪಗೆ ಕಾಯುತ್ತದೆ. ನನಗಿಂತ ಮೊದಲೇ ಅವಳಿಗೆ ಅದು ಹೊಳೆದಿತ್ತು.

ಮಾತಿನ ವೇಗ ಬೇಡವೆಂದು, ಒಂದು ಸಲ ಕಣ್ಣೆವೆ ಬಡಿಯುವಷ್ಟು ಹೊತ್ತನ್ನು ಅಳತೆಯಾಗಿ ಇಟ್ಟುಕೊಂಡು ಅದಕ್ಕೆ ಎವೆ ಎಂದೆವು. ಮೊದಲ ಪ್ರಯತ್ನ ನನ್ನದು. ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದು, "ಮೊದಲ ಎವೆಗೆ ಒಂದು ಗೇಣು ಇಳಿ. ಆಮೇಲೆ ಪ್ರತಿ ಎವೆಗೂ ಹಿಂದಿನಷ್ಟೇ ಹೋಗು" ಎಂದು ಹೇಳಿ ಬಿಟ್ಟೆ. ಅದು ಒಂದು ಗೇಣು ಇಳಿದು, ಒಂದು ಗಳಿಗೆ ಯೋಚಿಸಿದಂತೆ ನಿಂತು, ಹಿಂದಕ್ಕೆ ಹೊರಟಿತು. ನನ್ನ ಸೊಂಟದ ಪಕ್ಕದಿಂದ ನುಗ್ಗಿ, ಬಾಗಿಲಲ್ಲಿ ಆಗಷ್ಟೇ ಕಾಲಿಟ್ಟ ಹೆಡ್ ಮೇಡಂ ಅವರ ಕಡೆಗೆ ಹೋಯಿತು. ಅವರು ಕೈ ಅಡ್ಡ ಹಿಡಿದದ್ದರಿಂದ ಅಲ್ಲಿಗೆ ನಿಂತಿತು.

"ಏನ್ರೀ ಇದು?"

"ಹಿಂದಿನಷ್ಟು ಅಂದೆ ಮೇಡಂ. ಅದು ಹಿಂದಕ್ಕೆ ಅಂದುಕೊಂಡಿತು."

"ನಿಂಬೆಹಣ್ಣಿನ ಜೊತೆ ಮಾತಾಡುವಾಗ ಸ್ವಲ್ಪ ವ್ಯಾಕರಣ ನೋಡ್ಕೊಳ್ಳಿ" ಎಂದು ಹಣ್ಣನ್ನು ಸೆರಗಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಅವರ ಚಿತ್ರಾನ್ನದಲ್ಲಿ ಅದು ಇತ್ತು.

ಮಕ್ಕಳಿಗೆ ಅಂದು ಆದಷ್ಟು ಸಂತೋಷ ಯಾವ ಪಾಠದಿಂದಲೂ ಆಗಿರಲಿಲ್ಲ. ಟೀಚರ್ ತಪ್ಪು ಮಾಡಿದರೆ ನಿಂಬೆಹಣ್ಣೇ ತೋರಿಸಿಕೊಡುತ್ತದೆ! ಶಾಹಿದಾ ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಶುರುಮಾಡಿದಳು. ಅದರ ಮೊದಲ ಪುಟದ ಸಾಲು, "ಹಿಂದೆ ಎನ್ನಬಾರದು, ಕಳೆದ ಎನ್ನಬೇಕು." ಹಾಗೆ ತಿದ್ದಿದ ಮೇಲೆ ಹಣ್ಣು ಎವೆಗೊಂದು ಗೇಣಿನಂತೆ ಸಲೀಸಾಗಿ ಇಳಿಯಿತು. ಕೆಳಗೆ ಒಬ್ಬರು ಕೈಯೊಡ್ಡಿ ಹಿಡಿಯುತ್ತಿದ್ದರು.

"ಹಾಗಾದ್ರೆ ಮೇ-ಮೇಲೆಸೆತ?" ಎಂದಳು ಕಾತಿ. ಪರೀಕ್ಷೆಯಲ್ಲಿ ಎಲ್ಲರೂ ಹೆದರುವುದು ಅದಕ್ಕೇ. ವಸ್ತುವನ್ನು ಮೇಲಕ್ಕೆ ಕಳಿಸಿ ವಾಪಸ್ ಕರೆಸಿಕೊಳ್ಳಬೇಕು. ಪುಸ್ತಕದ ಒಪ್ಪಣೆಯಲ್ಲಿ ಅದಕ್ಕೆ ಮೂರು ಭಾಗ. ಏರಿಸುವುದು ಒಂದು, "ದಣಿದೆಯಾ? ದಣಿದುಕೋ" ಎಂದು ಮೇಲೆ ಸುಧಾರಿಸಿಕೊಳ್ಳಲು ಬಿಡುವುದು ಇನ್ನೊಂದು, ಆಮೇಲೆ ಇಳಿಸುವುದು. ಒಟ್ಟು ಮೂವತ್ತೊಂದು ಸಾಲು, ನಡುವೆ ಎಲ್ಲೂ ತಡೆಯುವಂತಿಲ್ಲ.

ಕಾತಿ ಹಣ್ಣನ್ನು ಹಿಡಿದು, ತನ್ನ ಪಾಡಿಗೆ ಸಮಯ ತೆಗೆದುಕೊಂಡು, "ಮೊದಲ ಎವೆಗೆ ಐದು ಗೇಣು ಏರು. ಆಮೇಲೆ ಪ್ರತಿ ಎವೆಗೂ ಕಳೆದ ಎವೆಯಷ್ಟೇ ಹೋಗು" ಎಂದು ಹೇಳಿ ಬಿಟ್ಟಳು. ಅದು ಏರಿತು, ಏರುತ್ತಲೇ ಹೋಯಿತು. ತಗಡಿನ ಮಾಡಿಗೆ ಠಣ್ ಎಂದು ತಗುಲಿ, ನಿಲ್ಲು ಎಂದು ಯಾರೂ ಹೇಳಿರದ ಕಾರಣ ತಗಡನ್ನು ತೂತು ಮಾಡಿಕೊಂಡು ಆಕಾಶಕ್ಕೆ ಹೋಯಿತು. ನಾವೆಲ್ಲ ತೂತಿನಿಂದ ನೋಡಿದೆವು. ಮೊದಲು ಚುಕ್ಕೆಯಾಗಿ ಕಂಡಿತು, ಆಮೇಲೆ ಅದೂ ಇಲ್ಲ.

"ದಣಿಯಲೇ ಇಲ್ಲ" ಎಂದಳು ಶಾಹಿದಾ ಪಿಸುದನಿಯಲ್ಲಿ. ಅವಳು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಡೆಯುವವರಿಲ್ಲದಿದ್ದರೆ ಹೊರಟ ವಸ್ತು ಹೊರಟೇ ಇರುತ್ತದೆ ಎಂದು ನಾನು ಬೇರೆ ಊರುಗಳಲ್ಲಿ ಆರು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ, ಒಂದು ಮಗುವೂ ಹಾಗೆ ಬಾಯಿ ತೆರೆದು ಕೂತಿರಲಿಲ್ಲ.

ಆ ವಾರ ಮಳೆ ಹಿಡಿಯಿತು. ತಗಡಿನ ತೂತಿನಿಂದ ಹನಿಗಳು ಒಂದರ ಹಿಂದೊಂದು ಕ್ಲಾಸಿನೊಳಗೆ ಬೀಳತೊಡಗಿದವು. ಹೆಡ್ ಮೇಡಂ ಬಕೆಟ್ ಕಳಿಸಿದರು, ಜೊತೆಗೆ ಒಂದು ನೋಟೀಸೂ ಬಂತು. ನಾನು ನೋಟೀಸಿಗೆ ಉತ್ತರ ಬರೆಯುತ್ತಿದ್ದಾಗ ಕಾತಿ ಬಕೆಟ್ಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಹನಿಗಳನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ನನ್ನ ಸೆರಗು ಎಳೆದಳು.

"ಟೀಚರ್, ಮೇಲೆ ಹ-ಹತ್ತಿರ ಹತ್ತಿರ. ಕೆಳಗೆ ದೂರ ದೂರ."

ನೋಡಿದೆ. ತೂತಿನ ಬಳಿ ಹನಿಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು. ಬಕೆಟ್ಟಿನ ಹತ್ತಿರ ಬರುವಷ್ಟರಲ್ಲಿ ನಡುವಿನ ಅಂತರ ಅಗಲವಾಗಿತ್ತು.

"ಯಾಕೆ ಹಾಗೆ?"

ಅವಳು ಬೆರಳು ಮಡಚಿ ಬಿಡಿಸಿದಳು. "ಕಳೆದ ಎವೆಯಷ್ಟೇ ಹೋ-ಹೋದ್ರೆ ಅಂತರ ಒಂದೇ ಇರ್ಬೇಕು. ಇದು ಪ್ರತಿ ಸಲ ಸ್ವಲ್ಪ ಜಾ-ಜಾಸ್ತಿ ಹೋಗ್ತಿದೆ."

ಬೇರೆ ಊರಲ್ಲಿ ಕಲಿತು ಬಂದ ಮಳೆ ತನ್ನ ಪಾಠವನ್ನು ನಮ್ಮ ಕ್ಲಾಸಿನಲ್ಲಿ ಒಪ್ಪಿಸುತ್ತಿತ್ತು. ಎಷ್ಟು ಜಾಸ್ತಿ? ಹಣ್ಣುಗಳನ್ನು ಹನಿಗಳ ಜೊತೆ ಓಡಿಸಿ ಹೋಲಿಸಿದೆವು. ಎವೆಗೆ ಒಂದು ಬೆರಳು ಸೇರಿಸಿದರೆ ಹಣ್ಣು ಹಿಂದೆ ಬೀಳುತ್ತಿತ್ತು, ಒಂದು ಮೊಳ ಸೇರಿಸಿದರೆ ಹನಿಯನ್ನು ದಾಟಿ ಹೋಗುತ್ತಿತ್ತು. ಒಂದು ಗೇಣಿಗೆ ಜೋಡಿಯಾಗಿ ಇಳಿಯಿತು. ಮನೆಗೆ ಹೋಗಿ ನಾನು ನಮ್ಮೂರಿನ ಲೆಕ್ಕದಲ್ಲಿ ಹಾಕಿ ನೋಡಿದೆ. ಕಣ್ಣೆವೆಯ ಅವಧಿ, ಗೇಣಿನ ಉದ್ದ ಎಲ್ಲ ಸೇರಿಸಿದರೆ ಪಠ್ಯಪುಸ್ತಕದ ಅಂಕಿಗೆ ಬಹಳ ಹತ್ತಿರ ಬಂತು. ಲೆಕ್ಕದ ಹಾಳೆಯನ್ನು ಎರಡು ಸಲ ತಿದ್ದಿ, ಮೂರನೆಯ ಸಲ ಸುಮ್ಮನೆ ನೋಡುತ್ತಾ ಕೂತೆ.

ಮಾತು ಹೊಂದಿಸುವುದಕ್ಕೆ ಇನ್ನೂ ಒಂದು ತೂತು ಖರ್ಚಾಯಿತು. ಶಾಹಿದಾ "ಅದರ ಮೇಲೆ ಒಂದು ಗೇಣು" ಎಂದಳು, ಅಂದರೆ ಅದರ ಜೊತೆಗೆ ಎಂದು. ಹಣ್ಣು ಮೇಲೆ ಎಂದರೆ ಮೇಲೆ ಎಂದೇ ತಿಳಿದು ಮಾಡಿಗೆ ಹೋಯಿತು. ಅವಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಸೇರಿತು, ನನಗೆ ಇನ್ನೊಂದು ನೋಟೀಸು ಬಂತು. ಕೊನೆಗೆ ಉಳಿದದ್ದು ಎರಡೇ ಸಾಲು: "ಪ್ರತಿ ಎವೆಗೂ ಕಳೆದ ಎವೆಯಲ್ಲಿ ಹೋದಷ್ಟು ಹೋಗು. ಒಂದು ಗೇಣು ಕೆಳಕ್ಕೆ ಸೇರಿಸಿಕೋ."

ಪರೀಕ್ಷೆಯ ದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಪೋಷಕರೆಲ್ಲ ಸೇರಿದ್ದರು. ಪರೀಕ್ಷಕರು ಮೃತ್ಯುಂಜಯಪ್ಪನವರು. ಒಂದು ಮದುವೆಯಲ್ಲಿ ಮುನ್ನೂರು ಜನರ ಅಕ್ಷತೆಯನ್ನು ಒಬ್ಬರೇ ತೂರಿ, ಒಂದು ಕಾಳೂ ದಾರಿ ತಪ್ಪದ ಹಾಗೆ ಒಪ್ಪಿಸಿದ್ದರೆಂದು ಹೆಸರಾದವರು. ಅವರ ಜೊತೆ ಗುಮಾಸ್ತ ಶಂಭುಲಿಂಗ, ಅವನ ಕೈಯಲ್ಲಿ ಸರ್ಟಿಫಿಕೇಟುಗಳ ಕಟ್ಟು ಮತ್ತು ಮಕ್ಕಳ ತಲೆಯಷ್ಟು ದಪ್ಪದ ಹಿತ್ತಾಳೆ ಮುದ್ರೆ. ಇನ್ನೊಂದು ಪೆಟ್ಟಿಗೆಯಲ್ಲಿ ಕೈದಾರ ಇತ್ತು. ಅದರ ತುದಿ ಪೆಟ್ಟಿಗೆಯಿಂದ ಹೊರಗೆ ಇಣುಕುತ್ತಿತ್ತು, ವಿಶಾಲಮ್ಮ ಅದನ್ನು ನೋಡದಿರಲು ಪಟ್ಟ ಪ್ರಯತ್ನ ನನಗೆ ಕಾಣುತ್ತಿತ್ತು.

ಕಾತಿಯ ಸರದಿ ಬಂದಾಗ ಮೃತ್ಯುಂಜಯಪ್ಪ ತಮ್ಮ ಪೇಟವನ್ನು ಕಳಚಿ, ಮೇಜಿನಿಂದ ಎರಡು ಮಾರು ದೂರದಲ್ಲಿ ಗಾಳಿಯಲ್ಲಿ ಬಿಟ್ಟು ಬಂದರು. ಜನ ನಕ್ಕರು. ಕಾತಿಯೂ ನಕ್ಕಳು.

"ನಿಂಬೆಹಣ್ಣು" ಎಂದರು.

ಅವಳು ಕಟ್ಟೆಯ ಮೇಲೆ ಹತ್ತಿ ನಿಂತು, ಹಣ್ಣನ್ನು ಬಾಯಿಯ ಹತ್ತಿರ ಹಿಡಿದು ಹೇಳತೊಡಗಿದಳು. ಎಷ್ಟೋ ಹೊತ್ತು ಹೇಳಿದಳು. ಪ್ರತಿ ಅಕ್ಷರಕ್ಕೂ ಅದಕ್ಕೆ ಬೇಕಾದಷ್ಟು ಸಮಯ ಕೊಟ್ಟಳು. ಜನ ಗುಸುಗುಸು ಮಾಡಿದರು. ಕೊನೆಗೆ ನಾನು ಕಲಿಸದ ಮೂರನೆಯ ಸಾಲೊಂದು ಕೇಳಿಸಿತು: "ನೆ-ನೆಲ ಮುಟ್ಟಿದರೆ ನಿಲ್ಲು." ಆಮೇಲೆ ಬಾಯಿ ಮುಚ್ಚಿ ಕೈಬಿಟ್ಟಳು. ಹಣ್ಣು ಸರ್‍ರನೆ ಇಳಿದು ನೆಲದ ಮೇಲೆ ಕೂತಿತು. ಅಷ್ಟು ವೇಗವಾಗಿ ಬಿದ್ದ ನಿಂಬೆಹಣ್ಣನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ. ಮುಂದಿನ ಸಾಲಿನ ಇಬ್ಬರು ಎದ್ದು ನಿಂತರು.

"ಇದು ಪುಸ್ತಕದಲ್ಲಿಲ್ಲ" ಎಂದರು ಮೃತ್ಯುಂಜಯಪ್ಪ.

"ಪುಸ್ತಕದ್ದೇ ಹೇಳಬೇಕು ಅಂತ ನಿಯಮ ಇದೆಯಾ ಸಾರ್?" ಎಂದು ನಾನು ಕೇಳಿದೆ. ಕೇಳುವ ಮೊದಲು ಮೂರು ಸಲ ನಿಯಮ ಓದಿ ಬಂದಿದ್ದೆ.

ಶಂಭುಲಿಂಗ ನಿಯಮದ ಹಾಳೆ ತೆಗೆದು ಓದಿದ: "ಅಭ್ಯರ್ಥಿಯು ಒಪ್ಪಿಸತಕ್ಕದ್ದು. ವಸ್ತುವು ಒಪ್ಪತಕ್ಕದ್ದು." ಹಾಳೆಯ ಹಿಂಬದಿಯನ್ನೂ ನೋಡಿದ. "ಅಷ್ಟೇ ಇರೋದು ಸಾರ್."

"ತೆಂಗಿನಕಾಯಿ" ಎಂದರು ಮೃತ್ಯುಂಜಯಪ್ಪ, ಮುಖ ಗಂಟಿಕ್ಕಿ.

ಕಾತಿ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅದೇ ನಿಂಬೆಹಣ್ಣು ಹಿಡಿದಳು. ಇದನ್ನು ನಾನು ಕಲಿಸಿರಲಿಲ್ಲ. ಎರಡಕ್ಕೂ ಸೇರಿಸಿ ಒಂದೇ ಸಲ ಹೇಳಿದಳು, ಎರಡನ್ನೂ ಒಟ್ಟಿಗೆ ಬಿಟ್ಟಳು. ಎರಡೂ ಒಟ್ಟಿಗೆ ನೆಲ ಮುಟ್ಟಿದವು.

ಅಂಗಳದಲ್ಲಿ ಗದ್ದಲವೆದ್ದಿತು. "ಏನಮ್ಮ ಇದು, ತೆಂಗಿನಕಾಯಿಗೆ ಮರ್ಯಾದೆ ಬೇಡ್ವಾ?" ಎಂದು ಹಿರಿಯರೊಬ್ಬರು ಕೂಗಿದರು. "ನಾಳೆ ಕಬ್ಬಿಣದ ಗುಂಡನ್ನೂ ನೆಲ್ಲಿಕಾಯಿ ಜೊತೆ ಬೀಳಿಸ್ತಾಳೆ" ಎಂದರು ಇನ್ನೊಬ್ಬರು. ಹಿಂದಿನ ಸಾಲಿನಿಂದ ಶಾಹಿದಾ, "ಬೀಳಿಸಿ ಆಯ್ತು ತಾತ, ಹೋದ ಮಂಗಳವಾರ!" ಎಂದು ಕಿರುಚಿದಳು. ಹೆಡ್ ಮೇಡಂ ಅವಳನ್ನು ಕೂರಿಸಿದರು.

ಗದ್ದಲದಲ್ಲೇ ನಾನು ಕಟ್ಟೆಯ ಬಳಿಗೆ ಹೋಗಿ, "ಆ ಮೂರನೇ ಸಾಲು ಎಲ್ಲಿಂದ ಬಂತೇ?" ಎಂದೆ.

"ಮ-ಮನೇಲಿ ಒಂದು ಸೌಟು ಹೋಯ್ತು ಟೀಚರ್" ಎಂದು ಕೆಳಗೆ, ಭೂಮಿಯ ಕಡೆ, ಬೆರಳು ತೋರಿಸಿದಳು. "ಅಮ್ಮಂಗೆ ಹೇ-ಹೇಳ್ಬೇಡಿ. ನೆರೆಮನೆಯೋರ ಮೇಲೆ ಅನುಮಾನ ಪಡ್ತಿದಾಳೆ."

"ಮೇಲೆಸೆತ!" ಎಂದು ಮೃತ್ಯುಂಜಯಪ್ಪ ಮೇಜು ಕುಟ್ಟಿದರು. ಗದ್ದಲ ನಿಂತಿತು. ಅವರು ಮುಂದಕ್ಕೆ ಬಾಗಿ ಕಾತಿಗೆ ಹೇಳಿದರು, ಕೆಟ್ಟ ದನಿಯಲ್ಲೇನೂ ಅಲ್ಲ: "ನೋಡು ಮಗು, ಇಳಿಯೋದು ಹೇಗೋ ಆಯ್ತು. ಏರಿದ್ದು ತಾನಾಗಿ ತಿರುಗಲ್ಲ. ದಣಿದುಕೋ ಅಂತ ಹೇಳ್ಬೇಕು, ಇಳಿ ಅಂತ ಹೇಳ್ಬೇಕು, ಅದೂ ಸರಿಯಾದ ಗಳಿಗೆಗೆ. ನಿನ್ನ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಎಲ್ಲರ ಮುಂದೆ ಹಣ್ಣು ಕಳ್ಕೊಳ್ಳೋದು ಬೇಡ."

ವಿಶಾಲಮ್ಮ ಎದ್ದು ನಿಂತಿದ್ದರು. ಅಭ್ಯಾಸಬಲದಿಂದ ಅವರ ಎರಡೂ ಕೈ ಮಗಳ ಕಡೆಗೆ ಚಾಚಿದ್ದವು.

ಕಾತಿ ನಿಂಬೆಹಣ್ಣಿಗೆ ಹೇಳಿದಳು: ಮೊದಲ ಎವೆಗೆ ಐದು ಗೇಣು ಏರು. ಆಮೇಲೆ ಅದೇ ಸಾಲುಗಳು, ಅಕ್ಷರವೂ ಬದಲಿಲ್ಲ. ಹೇಳಿ ಮುಗಿಸಿ, ತುಟಿಗಳನ್ನು ಒಳಕ್ಕೆಳೆದುಕೊಂಡು, ಅಂಗೈ ಬಿಡಿಸಿದಳು.

ಹಣ್ಣು ಏರಿತು. 'ದಣಿದೆಯಾ' ಎಂದು ಯಾರೂ ಕೇಳಲಿಲ್ಲ. ಏರುತ್ತಾ ಏರುತ್ತಾ ಅದರ ಹೆಜ್ಜೆ ಚಿಕ್ಕದಾಯಿತು: ನಾಲ್ಕು ಗೇಣು, ಮೂರು, ಎರಡು, ಒಂದು. ಶಾಲೆಯ ಮಾಡಿಗಿಂತ ಎತ್ತರದಲ್ಲಿ, ಬಿಸಿಲಿನಲ್ಲಿ, ಒಂದು ಎವೆಯ ಕಾಲ ಅದು ಎಲ್ಲಿಗೂ ಹೋಗಲಿಲ್ಲ. ಅಂಗಳದಲ್ಲಿದ್ದವರೆಲ್ಲ ಕಾತಿಯ ಬಾಯಿಯನ್ನು ನೋಡಿದರು. ಬಾಯಿ ಮುಚ್ಚಿತ್ತು. ಆಮೇಲೆ ಹಣ್ಣು ತಿರುಗಿತು. ಒಂದು ಗೇಣು ಇಳಿಯಿತು, ಎರಡು, ಮೂರು. ಅವಳು ಕೈಯನ್ನು ಎಲ್ಲಿ ಬಿಟ್ಟಿದ್ದಳೋ ಅಲ್ಲೇ ಇಟ್ಟಿದ್ದಳು. ಚಟ್ ಎಂದು ಬಂದು ಅಂಗೈಯಲ್ಲಿ ಕೂತಿತು.

ಹೇಳದೆ ಏನೂ ನಡೆಯದ ಊರಿನಲ್ಲಿ, ಹೇಳುವವರು ಸುಮ್ಮನಿದ್ದಾಗ ಒಂದು ಹಣ್ಣು ಮನೆಗೆ ವಾಪಸ್ ಬಂದಿತ್ತು.

"ತಿರುಗು ಅಂತ ಯಾರು ಹೇಳಿದ್ದು?" ಎಂದರು ಮೃತ್ಯುಂಜಯಪ್ಪ.

"ಯಾ-ಯಾರೂ ಹೇಳ್ಲಿಲ್ಲ ಸಾರ್. ಎವೆಗೊಂದು ಗೇಣು ಕೆಳಕ್ಕೆ ಸೇ-ಸೇರಿಸ್ಕೋ ಅಂದೆ. ಮೇಲೆ ಹೋಗ್ತಾ ಸೇರಿಸ್ಕೊಂಡ್ರೆ ಕ-ಕಡಿಮೆ ಆಗುತ್ತೆ. ಮುಗಿದ್ಮೇಲೆ ತಾನೇ ತಿರುಗುತ್ತೆ."

"ಇನ್ನೊಂದು ಸಲ ಮಾಡು."

ಮಾಡಿದಳು.

"ಇನ್ನೊಂದು ಸಲ. ಪರೀಕ್ಷೆಗೋಸ್ಕರ."

ಪರೀಕ್ಷೆಗೋಸ್ಕರ ಅವರು ಒಂಬತ್ತು ಸಲ ಮಾಡಿಸಿದರು. ಆರನೆಯ ಸಲ ಕುರ್ಚಿ ಬಿಟ್ಟು ಕಟ್ಟೆಯ ಬಳಿಗೇ ಬಂದು ನಿಂತು, ಹಣ್ಣು ತಿರುಗುವ ಜಾಗವನ್ನು ಕತ್ತೆತ್ತಿ ನೋಡಿದರು. ಏಳನೆಯ ಸಲ ಅವರ ತುಟಿಗಳು ಅವಳ ಮಾತಿನ ಜೊತೆ ಅಲುಗುತ್ತಿದ್ದವು. ಎಂಟು, ಒಂಬತ್ತನೆಯ ಸಲ ಜನ ಹಣ್ಣು ತಿರುಗಿದಾಗಲೆಲ್ಲ "ಹೋ" ಎಂದು ಕೂಗಿದರು. ತೆಂಗಿನಕಾಯಿಯ ಮರ್ಯಾದೆಗಾಗಿ ಕೂಗಿದ್ದ ಹಿರಿಯರ ಕೂಗೇ ಎಲ್ಲಕ್ಕಿಂತ ಜೋರಾಗಿತ್ತು.

ಕೊನೆಗೆ ಮೃತ್ಯುಂಜಯಪ್ಪ ಮೇಜಿಗೆ ಬಂದು ಕೂತು, ಸರ್ಟಿಫಿಕೇಟಿನಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ, ಒತ್ತಕ್ಷರ ಸಮೇತ ಬರೆದು ಸಹಿ ಹಾಕಿದರು. ಇನ್ನು ಮುದ್ರೆ ಬೀಳಬೇಕಿತ್ತು. ಮುದ್ರೆಗೆ ಹತ್ತೊಂಬತ್ತು ಸಾಲಿನ ಒಪ್ಪಣೆಯಿದೆ. ಅದನ್ನು ಅವರು ಅಂದು ಬೆಳಗ್ಗಿನಿಂದ ಹದಿಮೂರು ಮಕ್ಕಳಿಗೆ ಹದಿಮೂರು ಸಲ ಒಪ್ಪಿಸಿದ್ದರು. ಶಂಭುಲಿಂಗ ಮುದ್ರೆಯನ್ನು ಅವರ ಕೈಗಿತ್ತ. ಅವರು ಅದನ್ನು ಕಾಗದದ ಮೇಲೆ ಒಂದು ಮೊಳ ಎತ್ತರಕ್ಕೆ ಹಿಡಿದು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮುದ್ರೆಯನ್ನು ಬಾಯಿಯ ಹತ್ತಿರ ತಂದು ಗಡ್ಡದೊಳಗೇ ಏನೋ ಪಿಸುಗುಟ್ಟಿದರು. ನಾನು ಹತ್ತಿರವೇ ಇದ್ದುದರಿಂದ ನನಗೆ ಕೇಳಿಸಿತು. "ಕಳೆದ ಎವೆಯಲ್ಲಿ ಹೋದಷ್ಟು ಹೋಗು" ಎಂದರು. "ಒಂದು ಗೇಣು ಕೆಳಕ್ಕೆ ಸೇರಿಸಿಕೋ" ಎಂದರು. ಆಮೇಲೆ ಕಳ್ಳತನ ಮಾಡುವ ಮಗುವಿನ ಮುಖ ಮಾಡಿಕೊಂಡು ಕೈಬಿಟ್ಟರು.

ಮುದ್ರೆ ಇಳಿದು ಕಾಗದವನ್ನು ಮುಟ್ಟಿತು. ನಿಲ್ಲಲಿಲ್ಲ. ಕಾಗದ ದಾಟಿ, ಮೇಜು ದಾಟಿ, ಮೃತ್ಯುಂಜಯಪ್ಪನವರ ಎರಡು ಚಪ್ಪಲಿಗಳ ನಡುವಿನ ನೆಲವನ್ನೂ ದಾಟಿ ಹೋಯಿತು. ಮೇಜಿನಲ್ಲಿ ಅಚ್ಚುಕಟ್ಟಾದ ಒಂದು ದುಂಡನೆ ತೂತು ಉಳಿಯಿತು, ಸರ್ಟಿಫಿಕೇಟಿನಲ್ಲೂ ಅಷ್ಟೇ ಅಚ್ಚುಕಟ್ಟಾದದ್ದು.

ಕಾತಿ ತೂತನ್ನು ನೋಡಿದಳು, ಆಮೇಲೆ ಪರೀಕ್ಷಕರನ್ನು. "ಸಾರ್" ಎಂದಳು ಬಹಳ ಮರ್ಯಾದೆಯಿಂದ, "ಮು-ಮುಟ್ಟಿದರೆ ನಿಲ್ಲು ಅಂತ ಹೇ-ಹೇಳ್ಬೇಕಿತ್ತು."

ಒಂದು ಸಾಲು ಬಿಟ್ಟರೆಂದು ಎಷ್ಟೋ ಮಕ್ಕಳನ್ನು ಫೇಲು ಮಾಡಿದ ಮನುಷ್ಯ. ತಲೆ ತಗ್ಗಿಸಿ, "ಹೇಳ್ಬೇಕಿತ್ತಮ್ಮ" ಎಂದರು. ಆಮೇಲೆ ಅವರ ಹೊಟ್ಟೆ ಅಲುಗತೊಡಗಿತು. ನಗು ಗಂಟಲಿಗೆ ಬಂತು, ಅಂಗಳವೆಲ್ಲ ಅದನ್ನು ಹಿಡಿದುಕೊಂಡಿತು.

ಶಂಭುಲಿಂಗನೊಬ್ಬ ನಗಲಿಲ್ಲ. ಅವನು ರಿಜಿಸ್ಟರ್ ತೆರೆದು ಪೆನ್ನು ಹಿಡಿದು ಕಾಯುತ್ತಿದ್ದ. "ಸಾರ್, ಪಾಸು ಅಂತ ಬರೆದಿದೀನಿ. ಮುದ್ರೆ ಕಾಲಮ್ಮಿಗೆ ಏನು ಬರೀಲಿ? ಮುದ್ರೆ ಬಿದ್ದಿದೆ ಅಂತಲಾ, ಬಿದ್ದಿಲ್ಲ ಅಂತಲಾ?"

ಮೃತ್ಯುಂಜಯಪ್ಪ ಕಾತಿಯನ್ನು ನೋಡಿದರು. ಕಾತಿ ನೆಲದ ತೂತಿನ ಬಳಿ ಮಂಡಿಯೂರಿ ಒಳಗೆ ಇಣುಕಿ, ಕಣ್ಣೆವೆ ಬಡಿಯುತ್ತಾ ಬೆರಳು ಮಡಚಿ ಲೆಕ್ಕ ಹಾಕಿದಳು. ಎರಡೂ ಕೈಯ ಬೆರಳು ಮುಗಿದವು.

"ಬೀ-ಬೀಳ್ತಾ ಇದೆ ಅಂತ ಬರೀರಿ" ಎಂದಳು.